ಆಮೆ ಕೇರಿಯ ಮಣ್ಣು

ಸಿಯೆನಾ, ೨೦ ಮಾರ್ಚ್ ೧೯೬೩

ಮಗಳು ಇಲ್ದಾಳಿಗೆ,

ನಿನ್ನ ಕಾಗದ ನಿನ್ನೆ ಸಂತ ಜೋಸೆಫನ ಹಬ್ಬದ ದಿನವೇ ಬಂತು. ದೊಡ್ಡ ಚೌಕದಲ್ಲಿ ಅಕ್ಕಿ ಉಂಡೆ ಕರಿಯುವವರ ಮುಂದೆ ಸಾಲಿನಲ್ಲಿ ನಿಂತಿದ್ದೆ. ಮೇಲಿನ ಮನೆಯ ಜೂಲ್ಮಾ ಓಡಿಬಂದು ಕೈಗೆ ಕೊಟ್ಟಳು. ಅಲ್ಲೇ ಒಡೆದು ಓದಿದೆ. ಹಿಂದೆ ನಿಂತವಳು, "ಏನಮ್ಮಾ, ಉಂಡೆ ಬೇಕೋ ಬೇಡ್ವೋ" ಎಂದು ಗದರಿದಳು. "ಇವತ್ತು ಎರಡು ಪಾಲು ಬೇಕು ಕಣೇ, ನಾನು ಅಜ್ಜಿ ಆಗ್ತಿದೀನಿ" ಅಂದೆ. ಸಾಲಿನಲ್ಲಿದ್ದವರೆಲ್ಲ ನನ್ನನ್ನು ಮುಂದೆ ಬಿಟ್ಟರು.

ಏಳು ತಿಂಗಳು ತುಂಬುವವರೆಗೆ ಹೆತ್ತ ತಾಯಿಗೂ ಹೇಳದೆ ಬಾಯಿ ಹೊಲಿದುಕೊಂಡಿದ್ದೆಯಲ್ಲ. ಬೈಯುವುದಿಲ್ಲ ಬಿಡು. ಹೋದ ಸಲ ಆದದ್ದು ನನಗೂ ನೆನಪಿದೆ.

ಈಗ ಮುಖ್ಯ ವಿಷಯ. ಮಗು ತ್ರಿಯೆಸ್ತೆಯ ಆಸ್ಪತ್ರೆಯಲ್ಲಿ ಹುಟ್ಟುತ್ತದೆ. ಹುಟ್ಟಲಿ. ಆದರೆ ಮಂಚದ ಕೆಳಗೆ ನಮ್ಮ ಆಮೆ ಕೇರಿಯ ಮಣ್ಣು ಇರಲೇಬೇಕು. ನೀನು ಹುಟ್ಟಿದ್ದು ಇದೇ ಊರಿನ ದೊಡ್ಡ ಆಸ್ಪತ್ರೆಯಲ್ಲಿ. ಆದರೂ ಅದು ಬೇರೆ ಕೇರಿಯ ಗಡಿಯೆಂದು ನನ್ನ ಅಮ್ಮ ತಟ್ಟೆಯಲ್ಲಿ ನಮ್ಮ ಮಣ್ಣು ತಂದು ಮಂಚದಡಿ ಇಟ್ಟಿದ್ದಳು. ನಮ್ಮ ಮಣ್ಣಿನ ಮೇಲೆ ಹುಟ್ಟಿದ ಮಗು ನಮ್ಮ ಕೇರಿಯದು, ಅಪ್ಪ ಯಾವ ಕೇರಿಯವನಾದರೂ ಸರಿ. ನಾನೇ ಅಗೆದು ಕಳಿಸುತ್ತೇನೆ. ಮನೆಯವರ ಕೈಯಲ್ಲಿ ಅಗೆಯದ ಮಣ್ಣು ಬರಿಯ ಧೂಳು ಎಂದು ಅಮ್ಮ ಹೇಳುತ್ತಿದ್ದಳು.

ನಿನ್ನ ಅಪ್ಪ ಹಬ್ಬಗಳಲ್ಲಿ ಬಾರಿಸುತ್ತಿದ್ದ ಡೋಲಿನ ಕೋಲುಗಳು ಗೋಡೆಯ ಮೇಲೆ ಸುಮ್ಮನೆ ತೂಗುತ್ತಿವೆ. ನಿನ್ನ ಅಣ್ಣ ವಾಸ್ಕೊ ಯುದ್ಧದಿಂದ ಬರಲಿಲ್ಲ. ನೀನು, ಊರಿನಲ್ಲಿ ಹದಿನೇಳು ಕೇರಿಗಳಿದ್ದರೂ, ಹುಡುಕಿ ಹುಡುಕಿ ನಮ್ಮ ವೈರಿಗಳಾದ ಬಸವನಹುಳು ಕೇರಿಗೇ ಸೊಸೆಯಾದೆ. ಈ ಮಗುವೂ ಅವರ ಪಾಲಾದರೆ ಆಮೆ ಕೇರಿಯಲ್ಲಿ ನಮ್ಮ ಮನೆತನ ನನ್ನೊಂದಿಗೆ ಮುಗಿಯಿತು. ಅದನ್ನು ನೋಡಲು ನನಗೆ ಇಷ್ಟವಿಲ್ಲ.

ನಿನ್ನ ಮಾವ ಎಜಿಸ್ತೋ ಸುಮ್ಮನಿರುವ ಆಸಾಮಿಯಲ್ಲ, ಎಚ್ಚರವಾಗಿರು. ಕ್ಷೌರಕ್ಕೆ ಬಂದವರ ಮುಖಕ್ಕೆ ನೊರೆ ಹಚ್ಚಿ, ಅವರು ಬಾಯಿ ತೆರೆಯಲಾಗದ ಹೊತ್ತು ನೋಡಿಕೊಂಡು ನಮ್ಮ ಕೇರಿಯನ್ನು ಬೈಯುತ್ತಾನಂತೆ. ಕೇರಿಗಳ ಕುದುರೆ ಓಟದಲ್ಲಿ ಸೋತ ಸಿಟ್ಟಿಗೆ ನಮ್ಮ ಕೇರಿ ಕಾಯುವ ಸಂತ ಅಂತೋನಿಯ ಮೂರ್ತಿಯನ್ನೇ ಬಾವಿಗೆ ಹಾಕಿದ ಕೇರಿಯವನು, ಇನ್ನೇನು ತಾನೇ ಮಾಡಿಯಾನು. ನಿನ್ನ ಗಂಡ ನೆಲ್ಲೋ ಮೇಲೆ ನನಗೆ ಕೋಪವಿಲ್ಲ. ಅವನು ಆ ಕೇರಿಯಲ್ಲಿ ತಪ್ಪಿ ಹುಟ್ಟಿದ ಒಳ್ಳೆಯ ಹುಡುಗ.

ನಿನ್ನ ಅಮ್ಮ
ಆರ್ಜಿಯಾ


ತ್ರಿಯೆಸ್ತೆ, ೨೮ ಮಾರ್ಚ್ ೧೯೬೩

ಅಮ್ಮಾ,

ಇಲ್ಲಿ ಗಾಳಿ ಶುರುವಾಗಿದೆ. ಜನ ಬೀಳದಿರಲೆಂದು ಬೀದಿಗಳಲ್ಲಿ ಹಗ್ಗ ಕಟ್ಟಿದ್ದಾರೆ. ಟೋಪಿ ಒಂದು ಕಡೆ, ಟೋಪಿಯವರು ಒಂದು ಕಡೆ ಓಡುವುದನ್ನು ಕಿಟಕಿಯಿಂದ ನೋಡಿ ನಗುತ್ತಿರುತ್ತೇನೆ. ಗಾಳಿ ನಿಂತ ದಿನ ಸಮುದ್ರದಂಚಿನ ಬಿಳಿ ಅರಮನೆಯೂ ಇದೇ ಕಿಟಕಿಗೆ ಕಾಣುತ್ತದೆ. ನಾನು ಚೆನ್ನಾಗಿದ್ದೇನೆ. ದಿನವೂ ದಂಡೆಯವರೆಗೆ ನಡೆದು ಬರುತ್ತೇನೆ. ನೆಲ್ಲೋಗೆ ಹಡಗು ರಿಪೇರಿಯ ಕೆಲಸ ಕೈತುಂಬ ಇದೆ.

ಮೊನ್ನೆ ಮಾವ ಫೋನಿನಲ್ಲಿ, "ಮೊಮ್ಮಗು ನಮ್ಮ ಕೇರೀದು. ಜೂನ್ ಕೊನೇಲಿ ಸಂತ ಪೀಟರನ ಹಬ್ಬಕ್ಕೆ ನಮ್ಮ ಕಾರಂಜೀಲೇ ಕೇರಿಗೆ ಸೇರಿಸೋ ಜ್ಞಾನಸ್ನಾನ" ಎಂದರಂತೆ. ನೆಲ್ಲೋ ಹೂಂ ಎಂದನಂತೆ. ಅದನ್ನು ನನಗೆ ಹೇಳುವಾಗ ಕಿವಿ ತುರಿಸಿಕೊಳ್ಳುತ್ತಿದ್ದ. "ಹೆರೋಳು ನಾನು. ಮಂಚದ ಕೆಳಗೆ ನಮ್ಮಮ್ಮನ ಮಣ್ಣೇ ಇರೋದು" ಅಂದೆ. "ಆಯ್ತು ಮಾರಾಯ್ತಿ, ಮೊದಲು ಮಗು ಬರಲಿ" ಅಂದ.

ಅಮ್ಮಾ, ನಾನು ಕೇರಿಯ ಜಂಬಕ್ಕಾಗಿ ಮಣ್ಣು ಕೇಳುತ್ತಿಲ್ಲ. ಹೋದ ಸಲ ನನ್ನ ಮಂಚದ ಕೆಳಗೆ ಏನೂ ಇರಲಿಲ್ಲ. ಆ ಮಗು ಒಂದು ಹಗಲು ಇದ್ದು ಹೋಗಿಬಿಟ್ಟಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳದಿದ್ದರೂ ನನಗೆ ಗೊತ್ತು. ಆದರೆ ಕಣ್ಣು ಮುಚ್ಚಿದರೆ ಆ ಖಾಲಿ ನೆಲವೇ ಕಾಣುತ್ತದೆ. ನಿನ್ನ ಕೈಯ ಮಣ್ಣು ಬಂದರೆ ನನಗೆ ನಿದ್ದೆ ಬಂದೀತು. ಬೇಗ ಕಳಿಸು.

ಇಲ್ದಾ


ಸಿಯೆನಾ, ೧೨ ಏಪ್ರಿಲ್ ೧೯೬೩, ಶುಭ ಶುಕ್ರವಾರ

ಇಲ್ದಾ,

ಮಣ್ಣಿಗೆ ಅವಸರ ಮಾಡಬೇಡ. ಇಲ್ಲಿ ಮಳೆಯೋ ಮಳೆ. ಒದ್ದೆ ಮಣ್ಣು ಕಳಿಸಿದರೆ ದಾರಿಯಲ್ಲೇ ಬೂಸ್ಟು ಹಿಡಿಯುತ್ತದೆ. ಒಣಗಲಿ, ಕಳಿಸುತ್ತೇನೆ.

ಅಕ್ಷರ ಸೊಟ್ಟಗಿವೆ ಎಂದು ಬೇಸರ ಪಡಬೇಡ. ದೀಪ ಸರಿಯಿಲ್ಲ. ಈ ಸಲ ಹಬ್ಬದ ಅಡುಗೆ ಜೂಲ್ಮಾಳೇ ಮಾಡುತ್ತಾಳಂತೆ, ನನಗೂ ಬೇಯಿಸಿ ಬೇಯಿಸಿ ಸಾಕಾಗಿದೆ.

ನೀನು ನಡೆಯುವುದನ್ನು ನಿಲ್ಲಿಸಬೇಡ. ನಡೆದಷ್ಟೂ ಹೆರಿಗೆ ಸುಲಭ.

ಅಮ್ಮ


ತ್ರಿಯೆಸ್ತೆ, ೧೯ ಏಪ್ರಿಲ್ ೧೯೬೩

ಅಮ್ಮಾ,

ಇಲ್ಲಿನ ಪತ್ರಿಕೆಯಲ್ಲಿ ಊರೂರಿನ ಹವೆ ಬರೆದಿರುತ್ತಾರೆ. ನಮ್ಮ ಟಸ್ಕನಿ ಸೀಮೆಯಲ್ಲಿ ಹದಿನೈದು ದಿನದಿಂದ ಬಿಸಿಲು.

ನಿನಗೆ ನನ್ನ ಮೇಲೆ ಸಿಟ್ಟಿದೆ. ಮಾವ ಹೇಳಿದ್ದನ್ನು ನಾನು ಬರೆಯಬಾರದಾಗಿತ್ತು. ಹುಳುವಿನ ಮಗುವಿಗೆ ಆಮೆಯ ಮಣ್ಣು ಯಾಕೆ ದಂಡ ಎಂದು ನಿನಗೆ ಅನ್ನಿಸಿರಬೇಕು. ಮದುವೆಯ ದಿನವೂ ನೀನು ಚರ್ಚಿನ ಎಡಗಡೆ ಕೂತು ಬಲಗಡೆ ಕೂತ ನೆಲ್ಲೋ ಕಡೆಯವರತ್ತ ತಿರುಗಿಯೂ ನೋಡಲಿಲ್ಲ. ಇಷ್ಟವಿಲ್ಲದಿದ್ದರೆ ನೇರವಾಗಿ ಹೇಳಮ್ಮ. ಮಳೆಯ ಮೇಲೆ ಹಾಕಬೇಡ.

ನಿನ್ನೆ ತಡೆಯಲಾಗದೆ ನೆಲ್ಲೋ ಎದುರು ಅತ್ತುಬಿಟ್ಟೆ. ಮಣ್ಣಿನ ವಿಷಯ, ಹೋದ ಮಗುವಿನ ವಿಷಯ, ಎಲ್ಲವನ್ನೂ ಹೇಳಿದೆ. ಅವನು ಕೋಟು ಹಾಕಿಕೊಂಡು ಕೆಳಗಿನ ಹೋಟೆಲಿಗೆ ಹೋಗಿ ಅವನಪ್ಪನಿಗೆ ಫೋನ್ ಮಾಡಿ ಬಂದ. ಏನು ಮಾತಾಡಿದಿರಿ ಎಂದರೆ, "ಅಪ್ಪ ಹೂಂ ಅಂದ" ಎಂದಷ್ಟೇ ಹೇಳಿದ.

ಇಲ್ದಾ


ಸಿಯೆನಾ, ೨೬ ಏಪ್ರಿಲ್ ೧೯೬೩

ಇಲ್ದಾ,

ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಯಾರ ಮೇಲೆ ಅಂತ ಈಗ ಕೇಳು.

ಮೊನ್ನೆ ಊಟವಾಗಿ ಊರೆಲ್ಲ ಕಿಟಕಿ ಮುಚ್ಚಿ ಮಲಗಿದ್ದ ಹೊತ್ತು. ನಿನ್ನ ಮಾವ, ನನ್ನ ಘನ ಬೀಗ, ಗಡಿ ದಾಟಿ ನಮ್ಮ ಕೇರಿಯೊಳಗೆ ನುಗ್ಗಿ, ಸಂತ ಅಗಸ್ಟೀನನ ಚರ್ಚಿನ ಹತ್ತಿರದ ತೋಟದಲ್ಲಿ ಮಂಡಿಯೂರಿ ನೆಲ ಅಗೆಯುತ್ತಿದ್ದನಂತೆ. ನಮ್ಮ ಹುಡುಗರಿಗೆ ಡೋಲು ಕಲಿಸುತ್ತಾನಲ್ಲ, ಬ್ರೂನೆತ್ತೋ, ಅವನು ನೋಡಿಬಿಟ್ಟ. ನಾಲ್ಕು ಜನ ಸುತ್ತುವರಿದರು. ಜೂಲ್ಮಾ ಕಿಟಕಿಯಿಂದ ಕೇಳಿಸಿಕೊಂಡದ್ದು ಇದು.

"ಏನಜ್ಜಾ, ಬಸವನಹುಳುಗೆ ನಮ್ಮ ತೋಟದಲ್ಲಿ ಏನ್ ಕೆಲಸ?"

"ಸೊಪ್ಪು ಕೀಳೋಕೆ ಬಂದೆ."

"ಸಲಿಕೇಲಿ ಸೊಪ್ಪು ಕೀಳ್ತಾರಾ?"

"ನಮ್ ಕಡೆ ಹಾಗೇ. ನಿಮ್ಮ ಕೇರೀಲಿ ಸೊಪ್ಪಾದ್ರೂ ಚೆನ್ನಾಗಿದೆ ಕಣ್ರೋ. ಕುದುರೆಗಳನ್ನಂತೂ ನೋಡಿದೀವಲ್ಲ."

ಸಿಕ್ಕಿಬಿದ್ದ ಮೇಲೂ ಆ ನಾಲಿಗೆ ನೋಡು. ಎಪ್ಪತ್ತು ದಾಟಿದವನೆಂದು ಕೈ ಮಾಡಲಿಲ್ಲ. ಅವನ ಸಣ್ಣ ಸಲಿಕೆಯನ್ನು ಕಿತ್ತುಕೊಂಡು, ಕತ್ತಿನ ಪಟ್ಟಿ ಹಿಡಿದು ಗಡಿಯವರೆಗೆ ನಡೆಸಿಕೊಂಡು ಹೋಗಿ ಬಿಟ್ಟರು. ಅವರ ಕೇರಿಯ ಹುಡುಗರೂ ಅಲ್ಲಿ ನಿಂತು ನೋಡಿದರಂತೆ. ಸಲಿಕೆಯನ್ನು ಈಗ ನಮ್ಮ ಕೇರಿಯ ಸಭಾಂಗಣದಲ್ಲಿ ಬಾವುಟಗಳ ಪಕ್ಕ ನೇತುಹಾಕಿದ್ದಾರೆ.

ಇವನು ನಮ್ಮ ಮಣ್ಣನ್ನು ಕದ್ದು ಯಾಕೆ ಒಯ್ಯಬೇಕು? ಓಟದ ಮುಂಚೆ ಅವರ ಕುದುರೆಯ ಕಾಲಡಿ ಹಾಕಿ ತುಳಿಸುವುದಕ್ಕೆ, ಇನ್ನೇನು. ನನ್ನ ಮೊಮ್ಮಗುವಿನ ಮಣ್ಣನ್ನು. ನಿನ್ನ ಗಂಡನಿಗೆ ಈ ಕಾಗದ ಓದಿ ಹೇಳು, ಅವನಪ್ಪನ ಘನಕಾರ್ಯ ಅವನಿಗೂ ತಿಳಿಯಲಿ.

ಮಣ್ಣು ಮುಂದಿನ ವಾರ ಖಂಡಿತ ಕಳಿಸುತ್ತೇನೆ. ತೆವಳಿಕೊಂಡಾದರೂ ಹೋಗಿ ತರುತ್ತೇನೆ.

ಅಮ್ಮ


ತ್ರಿಯೆಸ್ತೆ, ೩ ಮೇ ೧೯೬೩

ನನ್ನ ಅಮ್ಮಾ,

ಮಣ್ಣು ಬಂತು. ನಿನ್ನ ಕಾಗದವೂ ಡಬ್ಬಿಯೂ ಒಂದೇ ದಿನ ಬಂದವು. ಮುಂದಿನ ವಾರ ಎಂದು ಬರೆದು ಈ ವಾರವೇ ಕಳಿಸಿಬಿಟ್ಟಿದ್ದೀಯ, ನನ್ನನ್ನು ಬೆಚ್ಚಿಬೀಳಿಸಬೇಕೆಂದು. ಬಾದಾಮಿ ಬಿಸ್ಕತ್ತಿನ ಡಬ್ಬಿ ನೋಡಿ ನೆಲ್ಲೋ ಬಾಯಲ್ಲಿ ನೀರೂರಿಸಿಕೊಂಡು ಮುಚ್ಚಳ ತೆಗೆದ. ಒಳಗೆ ಕೆಂಪು ಮಣ್ಣು. ಒಂದು ಚೀಟಿಯನ್ನೂ ಇಟ್ಟಿಲ್ಲ ನೀನು. ಇಟ್ಟಿದ್ದರೆ ಅದರಲ್ಲೂ ಬೈದಿರುತ್ತಿದ್ದೆ. ಮೂಸಿ ನೋಡಿದೆ. ನಮ್ಮೂರಿನ ವಾಸನೆಯೇ, ಜೊತೆಗೆ ಯಾಕೋ ಗಡ್ಡಕ್ಕೆ ಹಚ್ಚುವ ಸಾಬೂನಿನ ವಾಸನೆಯೂ ಬೆರೆತಿದೆ. ಅಪ್ಪನ ಹಳೆಯ ಸಾಮಾನಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆಯಾ?

ಆ ರಾತ್ರಿ ನಾನು ಬೆಳಗಿನವರೆಗೆ ನಿದ್ದೆ ಮಾಡಿದೆ.

ಈಗ ಧೈರ್ಯ ಬಂದಿದೆ, ಹೇಳಿಬಿಡುತ್ತೇನೆ. ನಾನು ದಂಡೆಗೆ ನಡೆದು ಹೋಗುತ್ತಿರಲಿಲ್ಲ. ಫೆಬ್ರವರಿಯಿಂದ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದಾರೆ. ನೀನು ಹೆದರಿ ರೈಲು ಹತ್ತಿ ಬಂದುಬಿಡುತ್ತೀಯೆಂದು ಬರೆಯಲಿಲ್ಲ. ಈಗ ಎಲ್ಲ ಸರಿಯಾಗಿದೆಯಂತೆ.

ಮಾವನ ಕಥೆಯನ್ನು ನೆಲ್ಲೋಗೆ ಓದಿ ಹೇಳಿದೆ. ಸೊಪ್ಪಿನ ಮಾತಿಗೆ ನಕ್ಕ. ಕತ್ತಿನ ಪಟ್ಟಿ ಹಿಡಿದರು ಎಂದಾಗ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ನಿಮ್ಮ ಅಪ್ಪ ಯಾಕೆ ಹಾಗೆ ಮಾಡಿದರು ಎಂದರೆ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿ ಮಂಚದ ಕೆಳಗಿಟ್ಟ. ಅವನಿಗೆ ನಾಚಿಕೆಯಾಗಿರಬೇಕು. ನೀನು ಇನ್ನು ಅದನ್ನು ಬೆಳೆಸಬೇಡಮ್ಮ.

ಇಲ್ದಾ


ಸಿಯೆನಾ, ೮ ಮೇ ೧೯೬೩

ಇಲ್ದಾ,

ಆ ಮಣ್ಣನ್ನು ನಾನು ಕಳಿಸಲಿಲ್ಲ.

ನಿನ್ನ ಕಾಗದ ಓದಿ ಸಾಬೂನಿನ ವಾಸನೆ ಎಂಬಲ್ಲಿಗೆ ಬಂದವಳು ಹಾಗೇ ಕೂತುಬಿಟ್ಟೆ. 

ನಿನ್ನ ಹಾಗೆ ನಾನೂ ಸುಳ್ಳು ಬರೆದಿದ್ದೆ. ಇಲ್ಲಿ ಮಳೆಯಿರಲಿಲ್ಲ. ಏಪ್ರಿಲ್ ಮೊದಲಲ್ಲೇ ಮಣ್ಣು ತರಲು ಹೋಗಿ, ತೋಟದ ಇಳಿಜಾರಿನಲ್ಲಿ ಜಾರಿಬಿದ್ದು ಪಾದದ ಮೂಳೆ ಮುರಿದುಕೊಂಡೆ. ಅಂದಿನಿಂದ ಕಾಲಿಗೆ ಪಟ್ಟಿ. ಜೂಲ್ಮಾಳ ಕೈಯಲ್ಲಿ ತರಿಸಬಹುದಿತ್ತು. ಮನೆಯವರ ಕೈಯೇ ಆಗಬೇಕು ಎಂದು ಹಟ ಹಿಡಿದೆ. ನಾಳೆ ಎದ್ದೇನು, ನಾಡಿದ್ದು ಎದ್ದೇನು ಎಂದು ದಿನ ಕಳೆದೆ. ನೀನು ಅಲ್ಲಿ ಹಾಸಿಗೆಯ ಮೇಲೆ, ನಾನು ಇಲ್ಲಿ ಹಾಸಿಗೆಯ ಮೇಲೆ, ಆದರೂ ನೀನು ನಡೆಯುತ್ತೇನೆ ಎಂದೆ, ನಾನು ನಡೆ ನಡೆ ಎಂದೆ.

ನಿನ್ನೆ ಜೂಲ್ಮಾಳನ್ನು ಕಳಿಸಿ ನಿನ್ನ ಮಾವನನ್ನು ಕರೆಸಿದೆ. ಊಟದ ಹೊತ್ತಿಗೆ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಬಂದರು. ಬಾಗಿಲ ಹತ್ತಿರವೇ ನಿಂತರು. ನಿಮ್ಮ ಮದುವೆಯಾದ ಮೇಲೆ ಇದೇ ಮೊದಲ ಸಲ ಎದುರೆದುರು.

"ಬೀಗರೇ, ನಮ್ಮ ಮಣ್ಣೇ ಯಾಕೆ ಬೇಕಾಗಿತ್ತು ನಿಮಗೆ?" ಅಂದೆ.

"ಹುಡುಗಿ ಅಳ್ತಾಳೆ ಅಂತ ನೆಲ್ಲೋ ಹೇಳ್ದ. ನೀವು ಕಾಲು ಮುರ್ಕೊಂಡು ಮಲಗಿರೋದು ಅಂಗಡಿಗೆ ಬರೋರ ಬಾಯಲ್ಲಿ ಕೇಳಿದ್ದೆ. ಇನ್ಯಾರು ತರ್ತಾರೆ?"

"ನಿಮ್ಮ ಮನೆ ಹಿತ್ತಲ ಮಣ್ಣು ಕಳಿಸಿದ್ರೆ ಮಗು ನಿಮ್ಮದಾಗ್ತಿತ್ತಲ್ಲ."

"ಅವಳಿಗೆ ಬೇಕಾಗಿದ್ದು ನಿಮ್ಮ ಮಣ್ಣು ಬೀಗಿತ್ತಿ. ಒಂದು ಸಲ ಆ ಹುಡುಗಿ ಖಾಲಿ ಕೈಲಿ ಆಸ್ಪತ್ರೆಯಿಂದ ಬಂದಿದ್ದನ್ನ ನಾನೂ ನೋಡಿದೀನಿ. ಮತ್ತೆ ಅದನ್ನ ನೋಡೋಕಾಗಲ್ಲ."

"ನಿಮ್ಮ ಮಣ್ಣನ್ನೇ ತುಂಬಿ, ಇದು ಆಮೆ ಕೇರೀದು ಅಂದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ನನಗೆ ಗೊತ್ತಾಗ್ತಿತ್ತಲ್ಲ."

ಸಲಿಕೆ ಕಿತ್ತುಕೊಳ್ಳುವಷ್ಟರಲ್ಲಿ ಕೋಟಿನ ಎರಡು ಜೇಬೂ ತುಂಬಿದ್ದವಂತೆ. ಅಂಗಡಿಯಲ್ಲಿ ಹಾಕಿಕೊಳ್ಳುವ ಕೋಟು ಅದು, ಸಾಬೂನಿನ ವಾಸನೆ ಅದರದೇ. ಮೊಮ್ಮಗುವಿಗೆ ಅಂತ ಹುಡುಗರಿಗೆ ಒಂದು ಮಾತು ಹೇಳಬಾರದಿತ್ತೇ ಎಂದೆ. "ಹೇಳಿದ್ರೆ ನೀವು ಬಿದ್ದಿರೋದು ಅವಳ ಕಿವಿಗೆ ಹೋಗ್ತಿತ್ತು. ಹಾಸಿಗೆ ಬಿಟ್ಟು ಏಳ್ತಿದ್ಲು" ಅಂದರು. ನನಗೆ ಗೊತ್ತಿರದ ನಿನ್ನ ಹಾಸಿಗೆಯ ವಿಷಯ ಅವರಿಗೆ ಮೊದಲಿನಿಂದ ಗೊತ್ತಿತ್ತು. ಆ ಮನುಷ್ಯನನ್ನು ನಾನು ಕಳ್ಳ ಎಂದು ಬರೆದೆ. ನನಗೆ ತುಂಬ ನಾಚಿಕೆಯಾಗಿದೆ ಮಗಳೇ.

ಅವರ ಕೈಯೂ ಮನೆಯವರ ಕೈಯೇ. ಮಣ್ಣು ಸರಿಯಾಗಿದೆ. ಹೆದರದೆ ಇಟ್ಟುಕೋ.

ಅಮ್ಮ


ತ್ರಿಯೆಸ್ತೆ, ೧೮ ಮೇ ೧೯೬೩

ಅಮ್ಮಾ,

ಹೆಣ್ಣು ಮಗು. ಚೆನ್ನಾಗಿದೆ. ನಾಲ್ಕು ದಿನವಾಯಿತು, ಇಲ್ಲೇ ನನ್ನ ಪಕ್ಕದಲ್ಲೇ ಇದೆ. ಇದನ್ನು ಬರೆಯುವ ಮೊದಲು ಮೂರು ಸಲ ಮುಟ್ಟಿ ನೋಡಿದೆ.

ಹೆರಿಗೆ ಕೋಣೆಯ ಸಿಸ್ಟರು ಡಬ್ಬಿಯನ್ನು ನೋಡಿ, "ಏನಿದು ಕೊಳಕು, ಆಚೆ ಬಿಸಾಕಿ" ಅಂದರು. ನೆಲ್ಲೋ ಹೂಂ ಹೂಂ ಎನ್ನುತ್ತಲೇ ಕಾಲಿನಿಂದ ಡಬ್ಬಿಯನ್ನು ಮಂಚದಡಿಗೆ ತಳ್ಳಿದ. ನಾನು ನೋಡಿದೆ. ಬಸವನಹುಳು ಕೇರಿಯವನ ಕಾಲು ಅದು. ನಿನ್ನ ಕಾಗದವನ್ನು ಅವನಿಗೆ ಓದಿ ಹೇಳಿದ ದಿನ ಅತ್ತ. ಅಪ್ಪ ಯಾರಿಗೂ ಹೇಳಬೇಡವೆಂದು ಮಾತು ತೆಗೆದುಕೊಂಡಿದ್ದರಂತೆ.

ಹೆಸರು ಅಂತೋನಿಯಾ ಎಂದು ಇಡುತ್ತೇವೆ. ಹೆಸರು ಹುಡುಕಿದ್ದು ನೆಲ್ಲೋ. ಫೋನಿನಲ್ಲಿ ಕೇಳಿ ಮಾವ, "ಆಗಲಿ, ಆ ಸಂತನನ್ನ ಬಾವಿಯಿಂದ ಮೇಲೆತ್ತಿದ ಹಾಗಾಯ್ತು" ಎಂದರಂತೆ.

ಜೂನ್‌ನಲ್ಲಿ ಬರುತ್ತೇವೆ. ಅಂತೋನಿಯ ಹಬ್ಬಕ್ಕೆ ನಿನ್ನ ಕಾರಂಜಿಗೋ, ಪೀಟರನ ಹಬ್ಬಕ್ಕೆ ಅವರ ಕಾರಂಜಿಗೋ, ನೀವಿಬ್ಬರೇ ಕೂತು ತೀರ್ಮಾನ ಮಾಡಿ. ನಾವು ಬಾಯಿ ಹಾಕುವುದಿಲ್ಲ.

ಇಲ್ದಾ


ಸಿಯೆನಾ, ೧ ಜೂನ್ ೧೯೬೩

ಇಲ್ದಾ,

ತೀರ್ಮಾನ ಮಾಡಿ ಎಂದು ಬರೆಯುವುದು ಸುಲಭ. ಮಾಡಿದವರಿಗೆ ಗೊತ್ತು ಅದರ ಪಾಡು.

ಕೋಲು ಊರಿಕೊಂಡು ಅವರ ಕೇರಿಗೆ ನಾನೇ ಹೋದೆ. ಹೆಂಗಸರೆಲ್ಲ ಕಿಟಕಿಗೆ ಬಂದರು. ಅಂಗಡಿಯೊಳಗೆ ಒಬ್ಬನ ಅರ್ಧ ಗಡ್ಡ ಕೆರೆದಿತ್ತು.

"ಬೀಗರೇ, ಮಗು ನಿಮ್ಮದು. ನಿಮ್ಮ ಕಾರಂಜಿಗೇ ಕರ್ಕೊಂಡು ಹೋಗಿ" ಅಂದೆ.

"ಯಾಕೆ, ನಾನು ಅಗೆದಿದ್ದೇನು ಸುಳ್ಳು ಮಣ್ಣಾ?"

"ನಿಮ್ಮ ದೊಡ್ಡತನಕ್ಕೆ ನಾನೂ ಏನಾದ್ರೂ ಕೊಡಬೇಡ್ವಾ?"

"ಆಮೆ ಮಣ್ಣಲ್ಲಿ ಹುಟ್ಟಿದ್ದು ಆಮೆ. ನನ್ನ ಕೈಯಾರೆ ಕೊಟ್ಟು ವಾಪಸ್ ಕಿತ್ಕೊಳ್ಳೋನಲ್ಲ ನಾನು."

ಕುರ್ಚಿಯಲ್ಲಿದ್ದವನು, "ಇಬ್ಬರಲ್ಲಿ ಯಾರಾದ್ರೂ ಒಬ್ಬರು ಮಗುನ ಇಟ್ಕೊಳ್ಳಿ, ನನ್ನ ಈ ಕೆನ್ನೆ ನೊರೆ ಒಣಗ್ತಿದೆ" ಅಂದ. ಬೀಗರು ನಗಲಿಲ್ಲ. ಕನ್ನಡಿಯ ಕಡೆ ತಿರುಗಿ, ಒರೆಸಿದ ಕತ್ತಿಯನ್ನೇ ಮತ್ತೆ ಮತ್ತೆ ಒರೆಸಿದರು. ಆಮೇಲೆ, "ಹಬ್ಬದ ದಿನ ನಾನು ನಿಮ್ಮ ಕೇರಿಯೊಳಗೆ ಬರಲ್ಲ. ನಿಮ್ಮ ಹುಡುಗರಿಗೂ ಕಷ್ಟ, ನಮ್ಮೋರಿಗೂ ಕಷ್ಟ. ಗಡಿ ಹತ್ರ ನಿಂತು ಡೋಲು ಕೇಳಿಸ್ಕೋತೀನಿ. ಅಷ್ಟು ಸಾಕು" ಅಂದರು.

ಹಾಗಾಗಿ ಹದಿಮೂರಕ್ಕೆ, ಅಂತೋನಿಯ ಹಬ್ಬದ ದಿನ, ನಮ್ಮ ಕಾರಂಜಿಯಲ್ಲಿ. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಮನೆಗೆ ಬಂದು ಬ್ರೂನೆತ್ತೋನನ್ನು ಕರೆಸಿ ಎಲ್ಲವನ್ನೂ ಹೇಳಿದೆ. ಅವನು ಟೋಪಿ ತೆಗೆದು ತಲೆ ತಗ್ಗಿಸಿ ಕೂತ. ಗೋಡೆಯಿಂದ ಆ ಸಲಿಕೆ ಇಳಿಸು ಎಂದೆ.

ಅಮ್ಮ


ಸಿಯೆನಾ, ೨೪ ಜೂನ್ ೧೯೬೩

ಇಲ್ದಾ,

ನೀವು ಹೊರಟ ಮೇಲೆ ಮನೆ ಬಿಕೋ ಎನ್ನುತ್ತಿದೆ. ಮಗು ಸಲೀಸಾಗಿ ತಲುಪಿತೆಂದು ತಂತಿ ಕೊಟ್ಟದ್ದು ಒಳ್ಳೆಯದಾಯಿತು.

ಕಾರಂಜಿಯ ಹತ್ತಿರ ನಡೆದದ್ದು ನೀನೇ ಕಂಡಿದ್ದೀಯ. ನಿಮಗೆ ಕಾಣದ್ದನ್ನು ಜೂಲ್ಮಾ ಹೇಳಿದಳು. ಬ್ರೂನೆತ್ತೋ ಸಲಿಕೆ ಹಿಡಿದು ಗಡಿಗೆ ಹೋಗಿ, "ಅಜ್ಜಾ, ನಿಮ್ಮ ಸಾಮಾನು ತಗೊಳ್ಳಿ. ನನ್ನಿಂದ ತಪ್ಪಾಯ್ತು. ನಡೀರಿ, ಮಗುನ ಎತ್ಕೊಳ್ಳೋರು ಬೇಕು" ಅಂದನಂತೆ. ತಮ್ಮ ಕೇರಿಯ ಬಣ್ಣದ ಕತ್ತುವಸ್ತ್ರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೇ ಬೀಗರು ಒಳಗೆ ಕಾಲಿಟ್ಟರಂತೆ. ನೀರು ಬಿದ್ದಾಗ ಅಂತೋನಿಯಾ ಅವರ ಮೂಗು ಹಿಡಿದುಕೊಂಡಳಲ್ಲ, ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಅವಳ ಕೈಗೆ ನಿನ್ನ ಅಪ್ಪನ ಡೋಲಿನ ಕೋಲು ಕೊಟ್ಟಾಗ, ಹುಡುಗಿಯರು ಡೋಲು ಬಾರಿಸುವುದಿಲ್ಲ ಎಂದು ಬ್ರೂನೆತ್ತೋ ಗೊಣಗಿದ. "ಅವಳು ದೊಡ್ಡೋಳಾಗೋ ಹೊತ್ತಿಗೆ ನೀನು ಮುದುಕ ಆಗಿರ್ತೀಯ, ಸುಮ್ನಿರು" ಅಂದೆ.

ಈ ಕಾಗದದ ಜೊತೆ ಒಂದು ಬುಟ್ಟಿ ಕಳಿಸಿದ್ದೇನೆ. ಮೇಲೆ ಮಗುವಿನ ಸ್ವೆಟರುಗಳಿವೆ. ತಳದಲ್ಲಿ ಬಾದಾಮಿ ಬಿಸ್ಕತ್ತಿನ ಡಬ್ಬಿ ಇದೆ. ಬಿಸ್ಕತ್ತೆಂದು ನೆಲ್ಲೋ ಕೈ ಹಾಕದಿರಲಿ. ಅದು ಅವನ ಕೇರಿಯ ಮಣ್ಣು. ಬೀಗರನ್ನು ಕೇಳಿ ಸಲಿಕೆ ತಂದೆ, ಕುಂಡದ ಗಿಡಕ್ಕೆ ಎಂದು ಹೇಳಿ. ಊಟವಾಗಿ ಊರು ಮಲಗಿದ್ದಾಗ ಹೋದೆ. ಮುರಿದ ಕಾಲಿನಲ್ಲಿ ಮಂಡಿಯೂರುವುದು ಎಷ್ಟು ಕಷ್ಟವೆಂದು ಬರೆಯುವುದಿಲ್ಲ. ಅರ್ಧ ಅಗೆಯುವಷ್ಟರಲ್ಲಿ ಅವರ ಕೇರಿಯ ಇಬ್ಬರು ಹೆಂಗಸರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಏನಮ್ಮಾ, ಆಮೆಗೆ ಇಲ್ಲೇನು ಕೆಲಸ?"

"ಸೊಪ್ಪು ಕೀಳೋಕೆ ಬಂದೆ" ಅಂದೆ.

ಆ ಡಬ್ಬಿಯನ್ನು ಒಣ ಜಾಗದಲ್ಲಿ ಜೋಪಾನವಾಗಿಡು. ಎರಡನೆಯದು ಹುಟ್ಟುವಾಗ ಮಂಚದ ಕೆಳಗೆ ಇಡಬೇಕು. ಬೀಗರಿಗೆ ಈಗಲೇ ಹೇಳಬೇಡ. ಹುಟ್ಟಿದ ಮೇಲೆ ನಾನೇ ಹೋಗಿ ಹೇಳುತ್ತೇನೆ.

ನಿನ್ನ ಅಮ್ಮ
ಆರ್ಜಿಯಾ